ಡೆಬಿಯನ್ 12ರಿಂದ 13ಕ್ಕೆ: ಒಂದೇ ಎರರ್ ಎರಡು ಸಲ ಕಾಡಿದ್ದು

ನಮ್ಮೂರ ವಾಚನಾಲಯದ ಹಳೇ ಪುಸ್ತಕಗಳನ್ನ ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಲ್ಲಿರೋ ಅಕ್ಷರಗಳನ್ನ ಪಠ್ಯ ಮಾಡೋದು) ಮಾಡೋ ಕೆಲಸ ಎರಡು ವರ್ಷದಿಂದ ಮಾಡ್ತಿದೀನಿ, ಅದೆಲ್ಲಾ ನಡೆಯೋದು 4 ಜಿಬಿ ರ‍್ಯಾಮ್ ಇರೋ ಒಂದು ಹಳೇ ಲ್ಯಾಪ್‌ಟಾಪಲ್ಲಿ. ಅದ್ರಲ್ಲಿ ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ 12ನೇ ಆವೃತ್ತಿ ಇತ್ತು. 13 ಬಂದಿದ್ದು 2025ರ ಆಗಸ್ಟ್ 9ಕ್ಕೆ, ನಾನು ದಸರಾ ರಜೆ ತನಕ ಕಾದು ಆಮೇಲೆ ಅಪ್‌ಗ್ರೇಡ್‌ಗೆ ಕೈ ಹಾಕ್ದೆ. ಸ್ಕ್ಯಾನ್‌ಗಳೆಲ್ಲ ಹೊರಗಿನ ಹಾರ್ಡ್‌ಡಿಸ್ಕಲ್ಲಿ ಕಾಪಿ ಇದ್ವು, ಹಾಗಾಗಿ ಧೈರ್ಯ ಇತ್ತು.

ಪ್ಯಾಕೇಜ್ (ಸಾಫ್ಟ್‌ವೇರ್) ಹಾಕೋ ತೆಗೆಯೋ ಆಪ್ಟ್ ಅನ್ನೋ ಕಮಾಂಡಲ್ಲಿ ಫುಲ್-ಅಪ್‌ಗ್ರೇಡ್ ಕೊಟ್ಟೆ, ಎರಡು ಗಂಟೆ ಸಾಲುಗಳು ಓಡಿದ್ವು, ನಿಂತ್ಮೇಲೆ ಮೇಲೆ ಏನಿದೆ ಅಂತ ನೋಡದೇನೇ ರೀಬೂಟ್ ಮಾಡ್ಬಿಟ್ಟೆ. ಡಿಸ್ಕಿನ ಪಾಸ್‌ವರ್ಡ್ ಕೇಳೋ ಪರದೆ ಬರ್ಲೇ ಇಲ್ಲ. ಕರ್ನಲ್ (ಸಿಸ್ಟಮಿನ ತಿರುಳು) ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಅಂತ ಬಂದು ಅಲ್ಲೇ ನಿಂತ್ಕೊಂಡ್ತು. ಬೆಂಗಳೂರಲ್ಲಿರೋ ಅಕ್ಕನ ಮಗನಿಗೆ ಫೋನ್ ಮಾಡಿದ್ರೆ "ಮಾವ, ತಲೆ ಕೆಡಿಸ್ಕೋಬೇಡಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಬಿಡಿ" ಅಂದ. ಅವನು ಹೇಳಿದ್ದು ಸುಲಭದ ದಾರಿನೇ, ಆದ್ರೆ ಯಾಕೆ ಹೀಗಾಯ್ತು ಅಂತ ಗೊತ್ತಾಗ್ದೆ ಹೊಸದು ಹಾಕಿದ್ರೆ ಮುಂದಿನ ಸಲನೂ ಇದೇ ಕಥೆ ಅಲ್ವಾ, ಅದು ನನಗೆ ಸರಿ ಕಾಣ್ಲಿಲ್ಲ.

ಮಷೀನ್ ಶುರುವಾಗೋವಾಗ ಬರೋ ಗ್ರಬ್ ಮೆನುಲಿ ಅಡ್ವಾನ್ಸ್ಡ್ ಆಪ್ಷನ್ಸ್ ಅಂತ ಒಂದಿರುತ್ತೆ, ಅದ್ರೊಳಗೆ ಹೋದ್ರೆ ಹಳೇ ಕರ್ನಲ್‌ಗಳೂ ಇರ್ತವೆ. 13ರ ಜೊತೆ ಬಂದ 6.12 ಬಿಟ್ಟು 12ರ ಹಳೇ 6.1 ಆರಿಸ್ದೆ, ಪಾಸ್‌ವರ್ಡ್ ಕೇಳ್ತು, ಒಳಗೆ ಹೋಯ್ತು. ಡೆಸ್ಕ್‌ಟಾಪ್ ಬರ್ಲಿಲ್ಲ, ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಕಪ್ಪು ಪರದೆಲೇ ಲಾಗಿನ್ ಆದೆ.

ಇಲ್ಲಿ ನನಗೆ ಅತಿ ಹೆಚ್ಚು ಸಹಾಯ ಆಗಿದ್ದು ವಾರ್ ಒಳಗಿನ ಲಾಗ್, ಅದರೊಳಗಿನ ಆಪ್ಟ್ ಫೋಲ್ಡರಲ್ಲಿರೋ ಟರ್ಮ್ ಡಾಟ್ ಲಾಗ್ ಅನ್ನೋ ಫೈಲು. ಅಪ್‌ಗ್ರೇಡ್ ಹೊತ್ತಲ್ಲಿ ಪರದೆ ಮೇಲೆ ಓಡಿ ಹೋಗಿದ್ದೆಲ್ಲ ಅದ್ರಲ್ಲಿ ಹಾಗೇ ಉಳ್ಕೊಂಡಿರುತ್ತೆ. ಕೊನೇಲಿ ನೋಡಿದ್ರೆ ಡಿಪೆಂಡೆನ್ಸಿ ಪ್ರಾಬ್ಲಮ್ಸ್ ಅಂತ ಸಾಲು ಸಾಲು, ಅದನ್ನ ನಂಬ್ಕೊಂಡು ಒಂದೊಂದೇ ಪ್ಯಾಕೇಜ್ ಹಿಂದೆ ಬಿದ್ದಿದ್ರೆ ರಾತ್ರಿಯೆಲ್ಲ ಅಷ್ಟೇ ಆಗ್ತಿತ್ತು, ಅವೆಲ್ಲ ಬರೀ ಪರಿಣಾಮ. ಮೇಲಿಂದ ಹುಡುಕ್ತಾ ಬಂದೆ, ಮೊಟ್ಟ ಮೊದಲ ಎರರ್ ಸಿಕ್ತು: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್. ಅದರ ಕೆಳಗೇ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಫೇಲ್ಡ್ ಅಂತ.

ಜಾಗ ಎಷ್ಟಿದೆ ಅಂತ ತೋರ್ಸೋ ಡಿಎಫ್ ಕೊಟ್ಟು ನೋಡಿದ್ರೆ ಮುಖ್ಯ ಡಿಸ್ಕಲ್ಲಿ 180 ಜಿಬಿ ಖಾಲಿ ಇದೆ. ತುಂಬಿದ್ದು ಕರ್ನಲ್ ಫೈಲುಗಳಿರೋ ಬೂಟ್ ಪಾರ್ಟಿಷನ್, ಅದು ಇರೋದೇ 236 ಎಂಬಿ. 2016ರಲ್ಲಿ ಎನ್‌ಕ್ರಿಪ್ಷನ್ ಜೊತೆ ಇನ್‌ಸ್ಟಾಲ್ ಮಾಡ್ದಾಗ ಆದ ಅಳತೆ ಅದು, ಆಗ ಸಾಕಾಗ್ತಿತ್ತು. ಅದ್ರಲ್ಲಿ ಡೆಬಿಯನ್ 11ರ ಕಾಲದ 5.10 ಕರ್ನಲ್ ಒಂದು, 6.1 ಎರಡು ಕೂತಿದ್ವು. ಹೊಸ ಕರ್ನಲ್ ಫೈಲೇನೋ ಬಂತು, ಆದ್ರೆ ಅದರ ಜೊತೆ ಬೇಕಾದ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ತಯಾರಿಸೋ ಇನಿಟ್‌ರ್ಡ್ ಫೈಲ್ ಬರೆಯಕ್ಕೆ ಜಾಗ ಇರ್ಲಿಲ್ಲ. ಎನ್‌ಕ್ರಿಪ್ಟ್ ಆದ ಡಿಸ್ಕಿಗೆ ಪಾಸ್‌ವರ್ಡ್ ಕೇಳೋದು ಆ ಫೈಲಿನ ಕೆಲಸ, ಅದಿಲ್ದೇ ಇದ್ರೆ ಕರ್ನಲ್‌ಗೆ ಡಿಸ್ಕೇ ಕಾಣಲ್ಲ. 13ರ ರಿಲೀಸ್ ನೋಟ್ಸಲ್ಲಿ ಬೂಟ್ ಕನಿಷ್ಠ 768 ಎಂಬಿ ಇರ್ಲಿ, 300ರಷ್ಟು ಖಾಲಿ ಇರ್ಲಿ ಅಂತ ಬರ್ದೇ ಇದೆ, ನಾನು ಅದನ್ನ ಓದಿದ್ದು ಇಷ್ಟೆಲ್ಲ ಆದ್ಮೇಲೆ.

ಮೊದ್ಲು ಯುನೇಮ್ ಹೈಫನ್ ಆರ್ ಕೊಟ್ಟು ಈಗ ಓಡ್ತಿರೋ ಕರ್ನಲ್ ಯಾವುದು ಅಂತ ನೋಡ್ಕೊಂಡೆ, ಅದನ್ನ ಮಾತ್ರ ಮುಟ್ಬಾರ್ದು. ಆಪ್ಟ್ ಅರ್ಧಕ್ಕೆ ನಿಂತಿದ್ರಿಂದ ಅದರಿಂದ ತೆಗೆಯಕ್ಕಾಗ್ಲಿಲ್ಲ, ಆಪ್ಟ್ ಕೆಳಗೆ ಕೆಲಸ ಮಾಡೋ ಡಿಪಿಕೆಜಿಲೇ ಪರ್ಜ್ ಕೊಟ್ಟು 5.10ನ್ನೂ ಹಳೇ 6.1ನ್ನೂ ತೆಗ್ದೆ. ಬೂಟ್ ಫೋಲ್ಡರಿಂದ ನೇರವಾಗಿ ಫೈಲ್ ಅಳಿಸ್ಬೇಡಿ ದಯವಿಟ್ಟು, ಪ್ಯಾಕೇಜ್ ಲೆಕ್ಕ ಒಂದು, ಡಿಸ್ಕಲ್ಲಿರೋದು ಇನ್ನೊಂದು ಆಗ್ಬಿಡುತ್ತೆ. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಸೆಟ್ಟಿಂಗಲ್ಲಿ ಮಾಡ್ಯೂಲ್ಸ್ ಅನ್ನೋ ಕಡೆ ಮೋಸ್ಟ್ ಇದ್ದಿದ್ದನ್ನ ಡೆಪ್ ಅಂತ ಮಾಡ್ದೆ, ಆಗ ಈ ಮಷೀನಿಗೆ ಬೇಕಾದ ಡ್ರೈವರ್ ಮಾತ್ರ ತುಂಬುತ್ತೆ, ಫೈಲ್ ಚಿಕ್ಕದಾಗುತ್ತೆ. ಡಿಸ್ಕನ್ನ ಬೇರೆ ಮಷೀನಿಗೆ ಹಾಕೋ ಯೋಚನೆ ಇರೋರು ಇದನ್ನ ಮಾಡ್ಬೇಡಿ, ಅಲ್ಲಿ ಬೂಟ್ ಆಗ್ದೇ ಹೋಗ್ಬಹುದು. ಅರ್ಧಕ್ಕೆ ನಿಂತಿದ್ದನ್ನ ಮುಗಿಸಕ್ಕೆ ಡಿಪಿಕೆಜಿ ಕಾನ್ಫಿಗರ್ ಹೈಫನ್ ಎ ಕೊಟ್ಟೆ, ಮತ್ತೆ ಫುಲ್-ಅಪ್‌ಗ್ರೇಡ್, ಅಪ್‌ಡೇಟ್-ಗ್ರಬ್. ರೀಬೂಟ್ ಮಾಡೋ ಮುಂಚೆ ಬೂಟ್ ಫೋಲ್ಡರಲ್ಲಿ 6.12ರ ಇನಿಟ್‌ರ್ಡ್ ಇದ್ಯಾ ಅಂತ ಕಣ್ಣಾರೆ ನೋಡಿದ್ಮೇಲೇ ಮುಂದಿನ ಹೆಜ್ಜೆ. ಪಾಸ್‌ವರ್ಡ್ ಪರದೆ ಬಂದಾಗ ಆದ ಸಮಾಧಾನ ಹೇಳಕ್ಕಾಗಲ್ಲ.

ಮಾರನೇ ದಿನ ಕನ್ನಡ ಟೈಪ್ ಮಾಡಕ್ಕೆ ಹೋದ್ರೆ ಕೆಜಿಪಿ ಕೀಲಿಮಣೆ ಇಲ್ಲ. ಅದೇ ಫೋಲ್ಡರಿನ ಹಿಸ್ಟರಿ ಡಾಟ್ ಲಾಗ್ ನೋಡ್ದೆ, ನಾನೇ ಕೊಟ್ಟ ಆಟೋರಿಮೂವ್ (ಬೇಡದ ಪ್ಯಾಕೇಜ್ ತೆಗೆಯೋ ಕಮಾಂಡ್) ಸಾಲಲ್ಲಿ ಆ ಕೀಲಿಮಣೆಗೆ ಬೇಕಾದ ಐಬಸ್-ಎಂ17ಎನ್ ಹೆಸರಿತ್ತು. ಮತ್ತೆ ಹಾಕ್ದೆ, ಕೈಯಾರೆ ಹಾಕಿದ ಪ್ಯಾಕೇಜ್ ಆಗಿದ್ರಿಂದ ಇನ್ಮೇಲೆ ಆಟೋರಿಮೂವ್ ಅದನ್ನ ಮುಟ್ಟಲ್ಲ, ಐದು ನಿಮಿಷದ ಕೆಲಸ.

ಎರಡು ದಿನ ಬಿಟ್ಟು ದೊಡ್ಡ ಪುಸ್ತಕ ಒಂದನ್ನ ಓಸಿಆರ್‌ಗೆ ಕೊಟ್ಟಾಗ ನೂರು ಪುಟ ದಾಟ್ತಿದ್ದ ಹಾಗೆ ಮತ್ತೆ ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್! ನಾನು ಮತ್ತೆ ಬೂಟ್ ಕಡೆಗೇ ಓಡ್ದೆ, ಅಲ್ಲಿ ಜಾಗ ಚೆನ್ನಾಗೇ ಇತ್ತು. ಡಿಎಫ್ ಸಾಲುಗಳನ್ನ ನಿಧಾನಕ್ಕೆ ಓದ್ದಾಗ ತಾತ್ಕಾಲಿಕ ಫೈಲುಗಳನ್ನ ಇಡೋ ಟಿಎಂಪಿ ಫೋಲ್ಡರ್ ಮುಂದೆ ಟಿಎಂಪಿಎಫ್‌ಎಸ್ ಅಂತ ಕಾಣಿಸ್ತು, 100 ಪರ್ಸೆಂಟ್ ತುಂಬಿದೆ. ಡೆಬಿಯನ್ 13ರಲ್ಲಿ ಟಿಎಂಪಿ ಫೋಲ್ಡರ್ ಡಿಸ್ಕ್ ಬಿಟ್ಟು ಮೆಮೊರಿಗೆ ಬಂದಿದೆ, ರ‍್ಯಾಮ್‌ನ ಅರ್ಧದ ತನಕ ಬಳಸ್ಬಹುದು, ಅಂದ್ರೆ ನನ್ನ ಮಷೀನಲ್ಲಿ 2 ಜಿಬಿನೂ ಪೂರ್ತಿ ಇಲ್ಲ. ಓಸಿಆರ್ ಪ್ರೋಗ್ರಾಮ್ ಪ್ರತಿ ಪುಟದ ಚಿತ್ರ ಬಿಚ್ಚಿ ಇಟ್ಕೊಳ್ಳೋದು ಅಲ್ಲೇ. ಹೆಚ್ಚು ರ‍್ಯಾಮ್ ಇರೋರಿಗೆ ಇದು ಒಳ್ಳೇ ಬದಲಾವಣೆ, ವೇಗ ಸಿಗುತ್ತೆ, ನನ್ನಂಥ ಮಷೀನಿಗೆ ಹೊಂದಲ್ಲ. ಸಿಸ್ಟಮ್‌ಸಿಟಿಎಲ್ ಮಾಸ್ಕ್ ಕೊಟ್ಟು ಟಿಎಂಪಿ ಮೌಂಟ್ ನಿಲ್ಸಿ ರೀಬೂಟ್ ಮಾಡಿದ್ರೆ ಹಳೇ ಥರ ಡಿಸ್ಕಿಗೇ ಹೋಗುತ್ತೆ. ನಾನು ಅಷ್ಟು ದೂರ ಹೋಗ್ಲಿಲ್ಲ, ಓಸಿಆರ್ ಸ್ಕ್ರಿಪ್ಟಿನ ಮೊದಲ ಸಾಲಲ್ಲಿ ಟಿಎಂಪಿಡಿಐಆರ್ ಅನ್ನೋ ವೇರಿಯಬಲ್‌ಗೆ ವಾರ್ ಒಳಗಿನ ಟಿಎಂಪಿ ಅಂತ ಕೊಟ್ಟೆ, ಅದು ಡಿಸ್ಕಲ್ಲೇ ಇರೋ ಜಾಗ. 340 ಪುಟದ ಪುಸ್ತಕ ಆವತ್ತು ರಾತ್ರಿನೇ ಮುಗೀತು, ಬೆಳಿಗ್ಗೆ ತೆಗ್ದು ನೋಡಿದ್ರೆ ಒತ್ತಕ್ಷರಗಳೂ ಬಹುಪಾಲು ಸರಿಯಾಗೇ ಬಂದಿದ್ವು.