ಸ್ಟೇಜ್ ಕಿತ್ತಾಕಿದ್ಮೇಲೆ ಜನ ಬಂದ್ರು: ನಮ್ ಯೂನಿವರ್ಸಿಟಿ ಚೈನೀಸ್ ಡೇ, ನನ್ನ ಅನುಭವ

ಇಂಗ್ಲೆಂಡಲ್ಲಿ ಯೂನಿವರ್ಸಿಟಿ ಸ್ಟೂಡೆಂಟ್ ಆಫೀಸಲ್ಲಿ ಕೆಲ್ಸ ನಂದು. ಕ್ಯಾಂಪಸ್ ತುಂಬ ಚೀನಾ ಹುಡುಗ್ರು, ಮಿಕ್ಕೋರಿಗೆ ಅವ್ರ ಬಗ್ಗೆ ಗೊತ್ತಿರೋದು ನೂಡಲ್ಸ್ ಒಂದೇ, ಅದಕ್ಕೇ ವರ್ಷಕ್ಕೊಂದ್ಸಲ ಚೈನೀಸ್ ಡೇ ಮಾಡ್ತೀವಿ. "ಸ್ಟೇಜ್ ಇಲ್ದೆ ಪ್ರೋಗ್ರಾಮಾ, ಯಾರ್ ಬರ್ತಾರೆ" ಅಂದಿದ್ದ ನಮ್ ಮ್ಯಾನೇಜರ್ ಈ ಸಲ ಡಂಪ್ಲಿಂಗ್ ಕ್ಯೂನಲ್ಲಿ ನಿಂತಿದ್ದ, ಅದಕ್ಕೇ ಬರೀತಿದೀನಿ.

ಮೊದಲ್ನೇ ವರ್ಷ ಸಿಂಹದ ಕುಣಿತದ ಟೀಮ್ ಕರೆಸಿದ್ವಿ, ಇಪ್ಪತ್ತು ನಿಮಿಷಕ್ಕೆ 700 ಪೌಂಡ್ ಹತ್ರ. ಬಂದಿದ್ದು ಅರವತ್ತು ಜನ, ಅದ್ರಲ್ಲಿ ನಲವತ್ತೈದು ಚೀನಾದವ್ರೇ, ಮದುವೆ ಹೆಣ್ಣಿಗೇ ಲಗ್ನಪತ್ರಿಕೆ ಕೊಟ್ಟಂಗಾಯ್ತು. ಸಾಲ್ದು ಅಂತ ಲಕ್ಕಿ ಡ್ರಾಗೆ ಗೋಡೆ ಗಡಿಯಾರ ಇಟ್ಟಿದ್ದೆ. ಗಡಿಯಾರ ಉಡುಗೊರೆ ಕೊಡೋದು ಅನ್ನೋಕೂ, ಸಾಯೋರನ್ನ ಕಳಿಸಿಕೊಡೋದು ಅನ್ನೋಕೂ ಚೈನೀಸಲ್ಲಿ "ಸೋಂಗ್ ಝೋಂಗ್" ಅಂತ್ಲೇ ಕೇಳ್ಸುತ್ತಂತೆ! ಗೆದ್ದ ಹುಡುಗಿ ಪಾಪ ಏನೂ ಅನ್ಲಿಲ್ಲ, ಒಂದು ಪೌಂಡ್ ಕಾಯಿನ್ ನನ್ ಕೈಗೆ ತುರುಕಿ ಗಡಿಯಾರ ತಗೊಂಡ್ಲು, ಆಗ ಅದು ಗಿಫ್ಟ್ ಅಲ್ಲ ಖರೀದಿ. ಆ ಕಾಯಿನ್ ಇನ್ನೂ ನನ್ ಡ್ರಾಯರಲ್ಲಿದೆ.

ಎರಡ್ನೇ ವರ್ಷ ಚೈನೀಸ್ ಅಕ್ಷರ ಬರೆಯೋಕೆ ಬ್ರಶ್ಶು, ಇಂಕು. ಯಾರೋ ಬಾಟ್ಲಿ ಉರುಳಿಸಿದ್ರು, ಕಾರ್ಪೆಟ್ ಕ್ಲೀನಿಂಗ್ ಬಿಲ್ 120 ಪೌಂಡ್.

ಈ ವರ್ಷ ಸ್ಟೇಜೇ ಬೇಡ ಅಂತ ನಾಲ್ಕು ಟೇಬಲ್ ಹಾಕಿದೆ. ಇಂಕ್ ಬದ್ಲು ನೀರಲ್ಲಿ ಬರೆಯೋ ಬಟ್ಟೆ, ಒಣಗಿದ್ರೆ ಅಕ್ಷರ ಮಾಯ, ಒಂದಕ್ಕೆ ಎಂಟೋ ಹತ್ತೋ ಪೌಂಡು, ಮುಂದಿನ ವರ್ಷಕ್ಕೂ ಆಗುತ್ತೆ. ಎಲ್ರಿಗೂ ಒಂದೇ ಅಕ್ಷರ, "ಯೋಂಗ್", ಚೈನೀಸ್ ಬರವಣಿಗೆಯ ಮೂಲ ಗೀಟು ಎಂಟೂ ಅದ್ರಲ್ಲೇ ಬರುತ್ತೆ. ಪೆನ್ ಥರ ಓರೆ ಹಿಡಿದೋರ ಕೈಯನ್ನ ಚೀನಾ ಹುಡುಗ್ರೇ ಹಿಡಿದು ಬ್ರಶ್ ನೆಟ್ಟಗೆ ಮಾಡ್ತಿದ್ರು, ಮಾತು ಶುರುವಾಗಿದ್ದೇ ಅಲ್ಲಿ.

ಆದ್ರೆ ನಿಜವಾಗ್ಲೂ ಹಿಟ್ ಆಗಿದ್ದು ಗಾವ್‌ಕಾವ್ ಟೇಬಲ್ಲು, ಅಂದ್ರೆ ಚೀನಾದ ಕಾಲೇಜ್ ಎಂಟ್ರೆನ್ಸ್ ಪರೀಕ್ಷೆದು. ಇದ್ಯಾವ ಕಲ್ಚರ್ರು ಅಂತ ಎಲ್ರೂ ನಕ್ಕಿದ್ರು, ಸಿಇಟಿ ಬರೆದೋಳು ನಾನು, ನಂಗೊತ್ತಿತ್ತು. ಜೂನ್ 7ಕ್ಕೆ ಶುರುವಾಗೋ ಪರೀಕ್ಷೆ, 750 ಮಾರ್ಕ್ಸು, 2024ರಲ್ಲಿ ರಿಜಿಸ್ಟರ್ ಮಾಡಿದ್ದೇ 1 ಕೋಟಿ 34 ಲಕ್ಷ ಜನ. ಮ್ಯಾಥ್ಸ್ ಪ್ರಶ್ನೆ ಐದು ಟ್ರಾನ್ಸ್‌ಲೇಟ್ ಮಾಡ್ಸಿ ಇಪ್ಪತ್ತು ನಿಮಿಷ ಟೈಮರ್ ಇಟ್ಟೆ, ಇಲ್ಲಿನ ಹುಡುಗ್ರು ಬೆವೆತು ಹೋದ್ರು. ಪರೀಕ್ಷೆ ದಿನ ಅಮ್ಮಂದಿರು ಕೆಂಪು ಚೀಪಾವ್, ಅಂದ್ರೆ ಚೀನಾದ ಗೌನು, ಹಾಕ್ಕೊಂಡು ಗೇಟಲ್ಲಿ ಕಾಯ್ತಾರೆ ಅಂತ ಒಬ್ಬ ಹೇಳ್ದಾಗ ನಮ್ಮಮ್ಮ ಮೊಸರು ಸಕ್ಕರೆ ಕೊಟ್ಟು ಕಳಿಸಿದ್ದು ನಾನು ಹೇಳ್ದೆ. ಆ ಟೇಬಲ್ ಖಾಲಿ ಮಾಡ್ಸೋಕೆ ಸೆಕ್ಯೂರಿಟಿನೇ ಬರ್ಬೇಕಾಯ್ತು.

ಡಂಪ್ಲಿಂಗಿಗೆ ಪೋರ್ಕ್ ಬಿಟ್ಟು ಮೊಟ್ಟೆ ಮತ್ತೆ ಚೈನೀಸ್ ಈರುಳ್ಳಿ ಸೊಪ್ಪು, ಹಲಾಲ್ ಹುಡುಗ್ರೂ ಕೂತ್ರು. ಎಲ್ಲಾ ಸೇರಿ 300 ಪೌಂಡ್ ಆಸುಪಾಸು, ಜನ ಇನ್ನೂರರ ಮೇಲೆ.

ಇದ್ರ ಮಧ್ಯೆ ಝೋಂಗ್‌ಝಿ ಹುಚ್ಚು ಬೇರೆ. ನಮ್ ಕೊಟ್ಟೆ ಕಡುಬಿನ ಥರಾನೇ, ಅಂಟಕ್ಕಿನ ಎಲೇಲಿ ಕಟ್ಟಿ ಬೇಯ್ಸೋದು. ಬಿದಿರಿನ ಎಲೆ ಸಿಗ್ಲಿಲ್ಲ ಅಂತ ಶ್ರೀಲಂಕಾ ಅಂಗಡಿಯ ಫ್ರೋಝನ್ ಬಾಳೆ ಎಲೇಲಿ ಕಟ್ಟಿದೆ, ಹರಿದು ಪಾತ್ರೆಯೆಲ್ಲಾ ಗಂಜಿ. ಚೀನಾ ಪಂಚಾಂಗದ ಐದನೇ ತಿಂಗಳ ಐದನೇ ದಿನದ ಹಬ್ಬದ ತಿಂಡಿನ ಫೆಬ್ರವರೀಲಿ ಯಾರಕ್ಕಾ ಮಾಡ್ತಾರೆ ಅಂತ ನಮ್ ಬೆಳಗಾವಿ ಹುಡುಗ ಒಬ್ಬ ಚೀನಾದವ್ರ ಮುಂದೇನೇ ಕೇಳ್ದ, ಅವ್ರಿಗೆ ಕನ್ನಡ ಬರದೇ ಇದ್ದಿದ್ದು ಒಳ್ಳೇದಾಯ್ತು.