ಮಂಗಳೂರಿನ ಅಲೋಶಿಯಸ್ ಚಾಪೆಲ್ ಅನ್ನು ನೋಡುವ ಕ್ರಮ

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವಾದ ಅಲೋಶಿಯಸ್ ಚಾಪೆಲ್ ಹೊರಗಿನಿಂದ ಅಷ್ಟೇನೂ ದೊಡ್ಡದಲ್ಲದ ಕಟ್ಟಡ. ಒಳಗೆ ಗೋಡೆ, ಕಮಾನು, ಚಾವಣಿಗಳನ್ನೆಲ್ಲ ಚಿತ್ರಗಳು ತುಂಬಿರುವುದರಿಂದ, ಯಾವ ಕ್ರಮವೂ ಇಲ್ಲದೆ ಕಣ್ಣಾಡಿಸಿದರೆ ಬೆರಗಷ್ಟೇ ಉಳಿಯುತ್ತದೆ.

ಹೋಗುವ ಮುನ್ನ ಸಂತನ ಬದುಕನ್ನು ತಿಳಿದುಕೊಳ್ಳಿ, ಏಕೆಂದರೆ ಚಾವಣಿಯ ಮುಖ್ಯ ಚಿತ್ರಗಳು ಹೇಳುವುದು ಅದೇ ಕಥೆಯನ್ನು. 1568ರಲ್ಲಿ ಇಟಲಿಯ ಗೊನ್ಜಾಗಾ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದ ಅಲೋಶಿಯಸ್, ತನಗೆ ಬರಬೇಕಿದ್ದ ಒಡೆತನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು, ಅಂದರೆ ಜೆಸ್ವಿಟರ ಕ್ಯಾಥೊಲಿಕ್ ಸಂನ್ಯಾಸಿ ಸಂಘವನ್ನು, ಸೇರಿದರು. ರೋಮ್‌ನಲ್ಲಿ ಸೋಂಕುರೋಗಿಗಳ ಆರೈಕೆ ಮಾಡುತ್ತ ತಾವೇ ಕಾಯಿಲೆ ಬಿದ್ದು, 1591ರಲ್ಲಿ, 23ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಲೇಜಿನ ಪ್ರಾರ್ಥನಾಮಂದಿರಕ್ಕೆ ವಿದ್ಯಾರ್ಥಿಗಳ ಪಾಲಕ ಸಂತನಾದ ಈ ಯುವಕನ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ. ಕಾಲೇಜನ್ನು ಇಟಲಿಯ ಜೆಸ್ವಿಟರು 1880ರಲ್ಲಿ ಆರಂಭಿಸಿದರು. ಚಾಪೆಲ್ ಎದ್ದದ್ದು ಅದೇ ದಶಕದಲ್ಲಿ.

ಒಳಗೆ ಹೋದ ಮೇಲೆ ನಡುವಿನ ಬೆಂಚೊಂದರಲ್ಲಿ ಕುಳಿತು, ಮೊದಲು ಚಾವಣಿಯ ಮಧ್ಯದ ಚಿತ್ರಗಳನ್ನು ಒಂದೊಂದಾಗಿ ನೋಡಿ. ಬಾಲಕನಿಗೆ ಕಾರ್ಡಿನಲ್ ಬೊರೊಮಿಯೊ ಮೊದಲ ಪರಮಪ್ರಸಾದ (ಕ್ರೈಸ್ತ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ನೀಡುವ ದೃಶ್ಯವನ್ನೂ ರೋಗಿಗಳ ಸೇವೆಯ ದೃಶ್ಯವನ್ನೂ ಗುರುತಿಸಿದರೆ ಕಥೆಯ ಎಳೆ ಸಿಗುತ್ತದೆ. ಅನಂತರವಷ್ಟೇ ಪಕ್ಕದ ಕಮಾನುಗಳತ್ತ ತಿರುಗಿ.

ಮುಂದಿನ ಕೆಲಸ ಚಿತ್ರ ಬರೆದ ಎರಡು ವಿಧಾನಗಳನ್ನು ಬೇರ್ಪಡಿಸಿ ನೋಡುವುದು. ನನ್ನ ಮಟ್ಟಿಗೆ ಈ ಚಾಪೆಲ್‌ನ ನಿಜವಾದ ಪಾಠ ಇದೇ. ಚಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿವೆ, ಗೋಡೆಯವು ಫ್ರೆಸ್ಕೊ. ಫ್ರೆಸ್ಕೊದಲ್ಲಿ ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವಾಗ ಬಣ್ಣ ಅದರೊಳಗೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಆ ದಿನ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯಲಾಗುತ್ತದೆ, ತಪ್ಪಾದರೆ ಕಿತ್ತು ಮತ್ತೆ ಬಳಿಯಬೇಕಾಗುತ್ತದೆ. ತೈಲವರ್ಣಕ್ಕೆ ಈ ಅವಸರವಿಲ್ಲ. ಬರ್ಗಾಮೊ ಬಳಿಯ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ, 19ನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು, ಕರಾವಳಿಯ ತೇವದ ಹವೆಯಲ್ಲಿ ಇವೆರಡನ್ನೂ ಎರಡು ವರ್ಷಗಳ ಆಸುಪಾಸಿನಲ್ಲಿ ಮುಗಿಸಿದರೆಂಬುದು ನಿಜಕ್ಕೂ ದೊಡ್ಡ ಸಾಧನೆ. ಅವರು 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು.

ಕೊನೆಯಲ್ಲಿ ಅಲಂಕಾರಪಟ್ಟಿಗಳನ್ನು ಓರೆಯಾಗಿ ಗಮನಿಸಿ. ಕಲ್ಲಿನಲ್ಲಿ ಕೆತ್ತಿದಂತೆ ಕಾಣುವ ಉಬ್ಬುಗಳಲ್ಲಿ ಹಲವು ಬರಿಯ ಬಣ್ಣ. ನೆರಳನ್ನು ಯಾವ ಬದಿಗೆ ಹಾಕಲಾಗಿದೆ ಎಂದು ನೋಡಿದರೆ ಆ ಭ್ರಮೆ ಹುಟ್ಟುವ ಬಗೆ ತಿಳಿಯುತ್ತದೆ.

1990ರ ದಶಕದ ಆರಂಭದಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಈ ಚಿತ್ರಗಳನ್ನು ಶುಚಿಗೊಳಿಸಿ ದುರಸ್ತಿ ಮಾಡಿದರು. ಕೈಯ ಎಣ್ಣೆ ಮತ್ತು ಬೆವರು ಫ್ರೆಸ್ಕೊಗೆ ಹಾನಿ ಮಾಡುವುದರಿಂದ ಗೋಡೆಯನ್ನು ಮುಟ್ಟಬೇಡಿ, ಪೂಜೆ ನಡೆಯುತ್ತಿದ್ದರೆ ಮುಗಿಯುವವರೆಗೆ ಹೊರಗೆ ಕಾಯಿರಿ.