ಅಳತೆ ಬರೆದುಕೊಂಡು ಹೋದ ಮೇಲೆ ಥ್ರಿಫ್ಟ್ ಅಂಗಡಿ ನನಗೆ ಒಲಿಯಿತು

ನಮ್ಮದು ಐದು ಜನರ ಮನೆ. ನಾನು, ನಮ್ಮ ಮನೆಯವರು, ಅತ್ತೆ, ಹೈಸ್ಕೂಲಿನ ಮಗಳು, ಅವಳಿಗಿಂತ ಸುಮಾರು ಚಿಕ್ಕವನಾದ ಮಗ. ಒಳಉಡುಪು, ಕಾಲುಚೀಲ, ಯೂನಿಫಾರ್ಮ್ ಬಿಟ್ಟರೆ ಈಗ ನಮ್ಮ ಬೀರುವಿನಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಥ್ರಿಫ್ಟ್ ಅಂಗಡಿಯದ್ದೇ, ಅಂದರೆ ಬೇರೆಯವರು ಬಳಸಿ ಬಿಟ್ಟ ಬಟ್ಟೆ ಮಾರುವ ಅಂಗಡಿಯದ್ದು. ಎಲ್ಲವನ್ನೂ ಹೊಸದೇ ಕೊಂಡರೆ ಆಗುತ್ತಿದ್ದ ಖರ್ಚಿನ ಮೂರರಲ್ಲೊಂದು ಭಾಗದಲ್ಲಿ ವರ್ಷ ಕಳೆಯುತ್ತಿದೆ. ಇದರಲ್ಲಿ ಟೈಲರ್ ಕೂಲಿ, ಓಡಾಟದ ಖರ್ಚು, ತಂದು ಉಪಯೋಗಿಸದೆ ಬಿಟ್ಟ ಬಟ್ಟೆ ಎಲ್ಲಾ ಸೇರಿದೆ. ಅದನ್ನೆಲ್ಲ ಬಿಟ್ಟು ಲೆಕ್ಕ ಹೇಳುವವರನ್ನು ನಾನು ನಂಬಲ್ಲ.

'ಒಬ್ಬರಿಗೆ ಏನೋ ಸಿಕ್ಕೀತು, ಇಡೀ ಮನೆಗೆ ಇದು ಆಗೋ ಮಾತಲ್ಲ' ಅಂತ ನಾದಿನಿ ಮೊದಲೇ ಹೇಳಿದ್ದರು. ಮೊದಲ ವರ್ಷದ ಲೆಕ್ಕ ಅವರ ಕಡೆಗೇ ಇತ್ತು. ತಂದ ಹತ್ತು ಬಟ್ಟೆಯಲ್ಲಿ ನಾಲ್ಕು ಯಾರ ಮೈಗೂ ಏರಲಿಲ್ಲ. ಒಂದೊಂದನ್ನೂ ಹೊಸ ಬೆಲೆಯ ಕಾಲುಭಾಗಕ್ಕೆ ತಂದಿದ್ದೆ ನಿಜ. ಆದರೆ ಸುಮ್ನೆ ಬಿದ್ದ ನಾಲ್ಕರ ಹೊರೆಯನ್ನೂ ಉಳಿದ ಆರೇ ಹೊರಬೇಕಲ್ಲ? ಅಲ್ಲಿಗೆ ಹೊಸ ಬೆಲೆಯ ನಲವತ್ತು ಪರ್ಸೆಂಟ್ ದಾಟಿತು. ಟೈಲರ್ ಕೂಲಿ ಸೇರಿಸಿದರೆ ಅರ್ಧಕ್ಕಿಂತ ಜಾಸ್ತಿ. ಅಷ್ಟಕ್ಕೆ ಹೊಸ ಬಟ್ಟೆಯ ಅಂಗಡಿಯ ಸೀಸನ್ ಸೇಲ್‌ನಲ್ಲೇ ಆರಾಮಾಗಿ ಕೊಳ್ಳಬಹುದಿತ್ತು.

ಈಗ ಹತ್ತರಲ್ಲಿ ಒಂದು ಹಾಳಾದರೆ ಹೆಚ್ಚು. ನನಗೆ ಸಿಗುವ ಬೆಲೆ ಆಗಿನಷ್ಟೇ. ಅಂಗಡಿಗಳೂ ಅವೇ. ಬದಲಾದದ್ದು ನಾನು ಅಂಗಡಿಗೆ ಒಯ್ಯುವ ಒಂದು ಚೀಟಿ ಮಾತ್ರ.

ಚೀಟಿಯಲ್ಲಿ ಮೈ ಅಳತೆ ಇಲ್ಲ. ಅದನ್ನು ಮೊದಲೇ ಮಾಡಿ ನೋಡಿದ್ದೆ, ಕೆಲಸಕ್ಕೆ ಬರಲಿಲ್ಲ. ಎದೆ ಸುತ್ತಳತೆ ಗೊತ್ತಿದ್ದರೂ ಯಾರಿಗೆ ಎಷ್ಟು ಸಡಿಲ ಇಷ್ಟ ಅನ್ನುವುದು ಅದರಲ್ಲಿ ಬರುವುದಿಲ್ಲ. ಈಗ ಬರೆದುಕೊಂಡಿರುವುದು ಬಟ್ಟೆಯ ಅಳತೆ. ಪ್ರತಿಯೊಬ್ಬರೂ ಮತ್ತೆ ಮತ್ತೆ ಹಾಕಿಕೊಳ್ಳುವ ಒಂದು ಶರ್ಟು ಅಥವಾ ಟಾಪು, ಒಂದು ಪ್ಯಾಂಟು ತೆಗೆದುಕೊಂಡೆ. ನೆಲದ ಮೇಲೆ ಚಪ್ಪಟೆಯಾಗಿ ಹಾಸಿದೆ. ಕಂಕುಳಿಂದ ಕಂಕುಳಿಗೆ, ಭುಜದ ಹೊಲಿಗೆಯಿಂದ ಹೊಲಿಗೆಗೆ, ತೋಳುದ್ದ, ಒಟ್ಟು ಉದ್ದ. ಪ್ಯಾಂಟಿಗೆ ಸೊಂಟ, ತೊಡೆ, ಕವೆಯಿಂದ (ಎರಡು ಕಾಲು ಕೂಡುವ ಜಾಗ) ಸೊಂಟಪಟ್ಟಿಯವರೆಗಿನ ಎತ್ತರ, ಒಳಗಾಲಿನ ಉದ್ದ. ಅಂಗಡಿಯಲ್ಲೂ ಅದೇ ತರ ಚಪ್ಪಟೆ ಹಿಡಿದು ಟೇಪ್ ಇಟ್ಟರೆ ಆಯಿತು. ಟ್ರಯಲ್ ರೂಮಿನ ಸಾಲೂ ಇಲ್ಲ, ಮನೆಯವರನ್ನೆಲ್ಲ ಎಳೆದುಕೊಂಡು ಹೋಗುವುದೂ ಇಲ್ಲ. ಕವೆಯ ಎತ್ತರ ಬರೆಯದೆ ಹೋಗಬೇಡಿ. ಸೊಂಟ ಸರಿಯಿದ್ದೂ ಕೂತಾಗ ಹಿಂದೆ ಜಾರುವ ಪ್ಯಾಂಟುಗಳೆಲ್ಲ ಅಲ್ಲೇ ಕೈಕೊಟ್ಟಿದ್ದವು.

ಲೇಬಲ್ ಮೇಲಿನ ಸೈಜನ್ನು ನಾನು ಈಗ ನೋಡುವುದೇ ಇಲ್ಲ. ಮೂವತ್ತೆರಡು ಅಂತ ಬರೆದ ಜೀನ್ಸ್ ಟೇಪ್ ಇಟ್ಟರೆ ಮೂವತ್ನಾಲ್ಕೂವರೆ ಬರುತ್ತದೆ. ಹೆಂಗಸರ ಸೈಜಂತೂ ಕೇಳಲೇಬೇಡಿ. ಅಮೆರಿಕದಲ್ಲಿ 1958ರಲ್ಲಿ ಹೆಂಗಸರ ಬಟ್ಟೆಗೆ ಅಂತ ಒಂದು ಅಳತೆ ಪಟ್ಟಿಯನ್ನು ಸರ್ಕಾರವೇ ಹೊರಡಿಸಿತ್ತು. 1983ರಲ್ಲಿ ಅದನ್ನೂ ಹಿಂತೆಗೆದುಕೊಂಡರು. ಆಮೇಲೆ ಕಂಪನಿಗೊಂದು ಸೈಜು. ಹೊಸ ಅಂಗಡಿಯಲ್ಲಿ ಒಂದು ಬ್ರ್ಯಾಂಡಿನ ಒಳಗಾದರೂ ಒಂದು ಲೆಕ್ಕ ಇರುತ್ತದೆ. ಥ್ರಿಫ್ಟ್ ರ್‍ಯಾಕಿನಲ್ಲಿ ಇಪ್ಪತ್ತು ಬ್ರ್ಯಾಂಡು, ಇಪ್ಪತ್ತು ವರ್ಷದ ಮಾಲು ಒಟ್ಟಿಗೇ ನೇತಾಡುತ್ತಿರುತ್ತದೆ.

ಮಗನದ್ದು ಬೇರೆಯೇ ಲೆಕ್ಕ. ನಾಲ್ಕು ವರ್ಷ ದಾಟಿದ ಮೇಲೆ ಪ್ರಾಯಕ್ಕೆ ಬರುವ ತನಕ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಯುರೋಪಿನ ಮಕ್ಕಳ ಬಟ್ಟೆಯ ಲೇಬಲ್ ಮೇಲೆ ಎತ್ತರವೇ ಇರುತ್ತದೆ: 110, 116, 122, 128, ಹೀಗೆ ಆರಾರರ ಮೆಟ್ಟಿಲು. ಅಂದರೆ ಒಂದು ಮೆಟ್ಟಿಲು ಅಂದರೆ ಹೆಚ್ಚುಕಡಿಮೆ ಒಂದು ವರ್ಷ. ಅವನಿಗೆ ಯಾವಾಗಲೂ ಒಂದು ಮೆಟ್ಟಿಲು ಮುಂದಿನದ್ದನ್ನು ಕೊಂಡು ಡಬ್ಬದಲ್ಲಿ ಹಾಕಿಡುತ್ತೇನೆ. ಎರಡು ಮೆಟ್ಟಿಲು ಮುಂದೆ ಹೋಗಿ ನೋಡಿದ್ದೂ ಆಯಿತು. ಆ ಹೊತ್ತಿಗೆ ಅವನ ಇಷ್ಟವೇ ಬದಲಾಗಿ, ಡೈನೋಸಾರ್ ಅಂಗಿಗಳೆಲ್ಲ ಮಡಿಸಿದಂತೆಯೇ ಉಳಿದವು. ಇನ್ನೊಂದು ವಿಷಯ. ಹಳೆಯ ಮಕ್ಕಳ ಜಾಕೆಟ್‌ನಲ್ಲಿ ಟೋಪಿಗೆ ದಾರ ಇದ್ದರೆ ಮೊದಲು ಎಳೆದು ತೆಗೆಯಿರಿ. ಜಾರುಬಂಡೆಯಲ್ಲಿ, ಬಸ್ಸಿನ ಬಾಗಿಲಲ್ಲಿ ಸಿಕ್ಕಿ ಮಕ್ಕಳು ಸತ್ತಿದ್ದಾರೆ. ಅದಕ್ಕೇ 1990ರ ದಶಕದಿಂದ ಈಚೆಗೆ ಅನೇಕ ದೇಶಗಳಲ್ಲಿ ಅಂಥ ದಾರ ಹಾಕುವುದನ್ನು ಬಿಡಿಸಿದ್ದಾರೆ. ಥ್ರಿಫ್ಟ್ ಅಂಗಡಿಗೆ ಅದಕ್ಕೂ ಹಳೆಯ ಮಾಲು ಬರುತ್ತದೆ.

ಇನ್ನು ಬಟ್ಟೆಯ ಗುಣ. ನಾನು ರ್‍ಯಾಕಿನ ಮುಂದೆ ನಿಂತು ಬಣ್ಣ ನೋಡುವುದಿಲ್ಲ. ಒಂದು ತುದಿಯಿಂದ ಕೈ ಆಡಿಸಿಕೊಂಡು ಹೋಗುತ್ತೇನೆ. ಹತ್ತಿ, ಲಿನನ್, ಉಣ್ಣೆ ಕೈಗೆ ಸಿಕ್ಕರೆ ಮಾತ್ರ ಹೊರಗೆ ಎಳೆಯುವುದು. ಮೂರು ತಿಂಗಳಲ್ಲಿ ಕೈ ಪಳಗುತ್ತದೆ. ನಾದಿನಿ ಒಂದು ರ್‍ಯಾಕ್ ಮುಗಿಸುವಷ್ಟರಲ್ಲಿ ನಾನು ಅಂಗಡಿ ಮುಗಿಸಿರುತ್ತೇನೆ, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಬಳಸಿದ ಹತ್ತಿ ಬಟ್ಟೆಯಲ್ಲಿ ಒಂದು ಲಾಭ ಇದೆ. ಅದು ಸಾಮಾನ್ಯವಾಗಿ ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವಷ್ಟು ಬಣ್ಣ ಬಿಟ್ಟಿರುತ್ತದೆ. ಅಂಗಡಿಯಲ್ಲಿ ಅಳೆದದ್ದೇ ಕೊನೆಯ ಅಳತೆ.

ಎಳೆದ ಮೇಲೆ ಬೆಳಕಿಗೆ ಹಿಡಿಯಬೇಕು. ಒಳತೊಡೆ, ಹಿಂಭಾಗ, ಮೊಣಕೈ, ಕಾಲರ್ ಮಡಿಕೆ. ಈ ನಾಲ್ಕು ಕಡೆ ಬೆಳಕು ತೂರಿದರೆ ವಾಪಸ್. ಸ್ಟ್ರೆಚ್ ಪ್ಯಾಂಟಾದರೆ ಮೊಣಕಾಲಿನ ಹತ್ತಿರ ಎಳೆದು ಬಿಡಿ. ಅಲೆ ಅಲೆಯಾಗಿ ನಿಂತರೆ, ಸಣ್ಣ ಬಿಳಿ ಕೂದಲಿನಂಥದ್ದು ಹೊರಗೆ ಚಾಚಿದ್ದರೆ ಒಳಗಿನ ಎಲಾಸ್ಟೇನ್, ಅಂದರೆ ಹಿಗ್ಗುವ ನೂಲು, ಸತ್ತಿದೆ ಅಂತ ಅರ್ಥ. ಅದನ್ನು ಯಾವ ಟೈಲರೂ ಬದುಕಿಸಲಾರ. ಜಿಪ್ಪನ್ನು ಮೂರು ಸಲ ಎಳೆಯುತ್ತೇನೆ. ಬಿಗಿಯಾಗಿದ್ದರೆ ಚಿಂತೆಯಿಲ್ಲ, ಪೆನ್ಸಿಲ್ ಸೀಸ ಉಜ್ಜಿದರೆ ಹೋಗುತ್ತದೆ. ಹಲ್ಲು ಮುರಿದಿದ್ದರೆ ಬೇಡ. ಜಾಕೆಟ್ಟಿನ ಜಿಪ್ ಬದಲಿಸಲು ಟೈಲರ್ ಕೇಳುವ ಕೂಲಿ ಜಾಕೆಟ್ಟಿನ ಬೆಲೆಗಿಂತ ಜಾಸ್ತಿ ಬರುತ್ತದೆ.

ಟೈಲರ್ ವಿಷಯದಲ್ಲಿ ನನ್ನ ನಿಯಮ ಸರಳ. ಉದ್ದ ಕಡಿಮೆ ಮಾಡುವುದು, ಪಕ್ಕದ ಹೊಲಿಗೆ ಒಳಗೆ ಹಿಡಿಯುವುದು, ಗುಂಡಿ, ಕಾಜಾ, ಇಷ್ಟಕ್ಕೆ ದುಡ್ಡು ಕೊಡುತ್ತೇನೆ. ಭುಜ ಸರಿ ಮಾಡಿಸಲು ಕೊಡುವುದಿಲ್ಲ. ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ಕೂಲಿ ಜಾಸ್ತಿ, ಆದರೂ ಎಲ್ಲೋ ಒಂದು ಕಡೆ ಎಳೆಯುತ್ತದೆ. ಸಡಿಲ ಮಾಡಿಸುವುದಿದ್ದರೆ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ತಿರುಗಿಸಿ ನೋಡಿ. ಫಾರ್ಮಲ್ ಪ್ಯಾಂಟಿನ ಹಿಂದಿನ ಹೊಲಿಗೆಯಲ್ಲಿ ಒಂದಿಂಚೋ ಒಂದೂವರೆಯೋ ಸಿಗುತ್ತದೆ. ಜೀನ್ಸ್‌ನಲ್ಲಿ ಏನೂ ಸಿಗಲ್ಲ.

ಅತಿ ಹೆಚ್ಚು ದುಡ್ಡು ತಿಂದದ್ದು ಮೂರು ಬಗೆಯ ಮಾಲು. ಮೊದಲನೆಯದು ರೆಕ್ಸಿನ್ ತರದ ಜಾಕೆಟ್. ಕೊಂಡಾಗ ಮಿರಮಿರ ಮಿಂಚುತ್ತಿತ್ತು. ಮಗಳು ಎರಡು ಸಲ ಹಾಕಿಕೊಂಡಳು, ಮೂರನೇ ಸಲಕ್ಕೆ ಕಾಲರಿನಿಂದ ಕಪ್ಪು ಹೊಟ್ಟು ಉದುರಲು ಶುರು. ಮೇಲಿನ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಪದರ ಗಾಳಿಯ ತೇವಕ್ಕೇ ವರ್ಷಗಟ್ಟಲೆ ಕೊಳೆಯುತ್ತಿರುತ್ತದೆ, ಯಾರೂ ಹಾಕಿಕೊಳ್ಳದಿದ್ದರೂ. ಎರಡನೆಯದು ಅದೇ ರೋಗದ ಶೂ. ಮನೆಯವರಿಗೆ ತಂದ ಬೆಟ್ಟ ಹತ್ತುವ ಬೂಟು, ಒಂದು ಗೀರೂ ಇರಲಿಲ್ಲ. ನಡೆಯುತ್ತಿದ್ದ ಹಾಗೇ ಅಟ್ಟೆ ಪುಡಿಪುಡಿಯಾಯಿತು. ಈಗ ಶೂ ಕೈಗೆತ್ತಿಕೊಂಡರೆ ಅಟ್ಟೆಯನ್ನು ಉಗುರಿನಿಂದ ಒತ್ತಿ, ಬಗ್ಗಿಸಿ ನೋಡುತ್ತೇನೆ. ಸಣ್ಣ ಬಿರುಕು ಕಂಡರೂ ಇಟ್ಟುಬಿಡುತ್ತೇನೆ.

ಮೂರನೆಯದು ಬ್ಲೇಜರ್. ಭುಜ, ತೋಳು ಎಲ್ಲಾ ಅಳತೆಗೆ ಸರಿಯಾಗಿ ಕೂತಿತ್ತು. ಒಂದು ಮಳೆಗೆ ಎದೆಯ ಮೇಲೆ ಹಪ್ಪಳದ ಹಾಗೆ ಗುಳ್ಳೆ ಎದ್ದವು. ಅಗ್ಗದ ಬ್ಲೇಜರಿನ ಒಳಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ, ಅದು ಬಿಟ್ಟುಕೊಂಡರೆ ಮತ್ತೆ ಕೂರುವುದಿಲ್ಲ. ಇಸ್ತ್ರಿ, ಹಬೆ, ಎಲ್ಲಾ ನೋಡಿದೆ. ಎದೆಯ ಭಾಗದ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಚಿವುಟಿ ಬೇರೆ ಬೇರೆ ಎಳೆದಾಗ ನಡುವೆ ಮೂರನೆಯ ಪದರವೊಂದು ಸ್ವತಂತ್ರವಾಗಿ ಜಾರಿದರೆ ಅದು ಹೊಲಿದ ಬ್ಲೇಜರ್. ಅಂಥದ್ದು ಸಿಕ್ಕರೆ ಎರಡನೇ ಯೋಚನೆ ಬೇಡ.

ವಾಸನೆಯ ಜೊತೆ ನಾನು ಪಟ್ಟ ಪಾಡು ಬೇರೆ. ನುಸಿಗುಳಿಗೆಯ ವಾಸನೆಯನ್ನು ತೊಳೆದು ತೆಗೆಯಲು ಹೋಗಬೇಡಿ. ನ್ಯಾಫ್ತಲಿನ್ ನೀರಿನಲ್ಲಿ ಕರಗುವುದೇ ಅಪರೂಪ, ಗಾಳಿಗೆ ಆವಿಯಾಗಿ ಹೋಗಬೇಕು. ಬೆಚ್ಚಗಿನ ಗಾಳಿಯಾಡುವ ಕಡೆ ವಾರ, ಹತ್ತು ದಿನ ನೇತುಹಾಕಿದರೆ ತಾನಾಗಿ ಇಳಿಯುತ್ತದೆ. ಬೆವರು ಹೀರಿದ ಪಾಲಿಯೆಸ್ಟರ್ ಬಗ್ಗೆ ಮಾತ್ರ ನಾನು ಕೈಚೆಲ್ಲಿದ್ದೇನೆ. ಮೈಯ ಎಣ್ಣೆ ಆ ನೂಲಿಗೆ ಅಂಟಿಕೊಂಡಿರುತ್ತದೆ. ತೊಳೆದಾಗ ಹೋದಂತೆ ಕಾಣುತ್ತದೆ, ಹಾಕಿಕೊಂಡು ಮೈ ಬಿಸಿಯಾದೊಡನೆ ವಾಪಸ್. ಸ್ಪೋರ್ಟ್ಸ್ ಟೀಶರ್ಟ್ ಕೊಳ್ಳುವುದನ್ನೇ ಬಿಟ್ಟೆ.

ಹತ್ತಿಯ ಕಂಕುಳ ಹಳದಿ ಕಲೆಗೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್. ನೀರು ನಲವತ್ತು ಡಿಗ್ರಿಗಿಂತ ಬಿಸಿ ಇರಬೇಕು, ತಣ್ಣೀರಿನಲ್ಲಿ ಅದು ಸೋಮಾರಿ. ಕ್ಲೋರಿನ್ ಬ್ಲೀಚ್ ಹಾಕಿದರೆ ಹಳದಿ ಇನ್ನೂ ಜಾಸ್ತಿಯಾಗುತ್ತದೆ. ಅದಕ್ಕೆ ವಿನೆಗರ್ ಬೆರೆಸುವ ಸಾಹಸವನ್ನಂತೂ ಯಾರೂ ಮಾಡಬೇಡಿ, ವಿಷಗಾಳಿ ಏಳುತ್ತದೆ. ಉಣ್ಣೆ, ರೇಷ್ಮೆಗೆ ಎನ್‌ಜೈಮ್ ಇರುವ ಪುಡಿಯೂ ಬೇಡ, ಈ ಎರಡು ಬ್ಲೀಚೂ ಬೇಡ. ನಾನು ಎಷ್ಟು ನೀರಿಗೆ ಎಷ್ಟು ಹಾಕುತ್ತೇನೆ, ಜೊತೆಗೆ ಇನ್ನೇನು ಸೇರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ನಾದಿನಿಗೂ ಹೇಳಿಲ್ಲ.

ಅತ್ತೆಗೆ ಇದ್ದ ಭಯ ಹುಳದ್ದು. 'ಯಾರ ಮನೆ ತಿಗಣೆಯೋ ಏನೋ' ಅನ್ನುತ್ತಿದ್ದರು. ಭಯ ನ್ಯಾಯವಾದದ್ದೇ. ತಂದ ಬಟ್ಟೆ ಚೀಲದಿಂದ ನೇರ ಮೆಶಿನ್ನಿಗೆ ಹೋಗುತ್ತದೆ, ನಡುವೆ ಹಾಸಿಗೆಯ ಮೇಲೆ ಇಡುವಂತಿಲ್ಲ. ತಾಳುವ ಬಟ್ಟೆಗೆ ಅರವತ್ತು ಡಿಗ್ರಿ ನೀರು, ಆಮೇಲೆ ಡ್ರೈಯರ್‌ನಲ್ಲಿ ಅರ್ಧ ಗಂಟೆ ಜೋರು ಬಿಸಿ. ಉಣ್ಣೆಯನ್ನು ಕವರಿನಲ್ಲಿ ಗಾಳಿ ತೆಗೆದು ಕಟ್ಟಿ ಮೈನಸ್ ಹದಿನೆಂಟರ ಫ್ರೀಜರ್‌ನಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ ಕವರು ತಣ್ಣಗಿರುವಾಗಲೇ ಬಿಚ್ಚಿದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ಕಾಯಿರಿ. ಈಗ ಅತ್ತೆಯೇ ಫ್ರೀಜರ್ ಮೇಲೆ ತಾರೀಖು ಬರೆದು ಅಂಟಿಸುತ್ತಾರೆ.

ನಡುವೆ ಒಂದಿಷ್ಟು ದಿನ ನೂಲಿನ ಹುಚ್ಚು ಹಿಡಿದಿತ್ತು. ದೊಡ್ಡ ಸೈಜಿನ ಉಣ್ಣೆ ಸ್ವೆಟರ್ ಕೊಂಡು, ಬಿಚ್ಚಿ, ನೂಲು ಸುತ್ತಿ ಅತ್ತೆಗೆ ಹೆಣೆಯಲು ಕೊಡುವುದು. ಹೊಸ ಉಣ್ಣೆ ನೂಲಿನ ಬೆಲೆ ನೋಡಿದರೆ ಇದು ಬಂಗಾರದ ದಾರಿ ಅನ್ನಿಸಿತು. ಮೊದಲ ಸ್ವೆಟರ್ ಬಿಚ್ಚಿದರೆ ಬಂದದ್ದು ಗೇಣುದ್ದದ ತುಂಡುಗಳು. ಅದನ್ನು ಹೆಣೆದ ಬಟ್ಟೆಯಿಂದ ಕತ್ತರಿಸಿ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿದ್ದರು. ಪಕ್ಕದ ಹೊಲಿಗೆ ಸರಪಳಿಯಂತೆ ಇದ್ದರೆ ಮಾತ್ರ ಉದ್ದ ನೂಲು ಸಿಗುತ್ತದೆ. ಬಿಸಿನೀರು ತಗುಲಿ ಕಂಬಳಿಯಂತೆ ಗಟ್ಟಿಯಾದದ್ದು ಬಿಚ್ಚುವುದೇ ಇಲ್ಲ. ಉಣ್ಣೆ ಹೌದೋ ಅಲ್ಲವೋ ಅನ್ನುವ ಅನುಮಾನಕ್ಕೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡುತ್ತೇನೆ. ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ ಬಂದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಎಲ್ಲಾ ಸೇರಿ ಅತ್ತೆ ಎರಡು ಸ್ವೆಟರ್ ಹೆಣೆದರು, ಚೆನ್ನಾಗಿವೆ. ನನ್ನ ಸಮಯಕ್ಕೆ ಬೆಲೆ ಕಟ್ಟಿದರೆ ನಷ್ಟವೇ.

ದುಡ್ಡಿನ ವಿಷಯದಲ್ಲಿ ಇನ್ನೊಂದು. ಕೆಲವು ಅಂಗಡಿ ತೂಕಕ್ಕೆ ಮಾರುತ್ತವೆ, ಕೆಲವು ಪೀಸಿಗೆ. ತೂಕದ ಅಂಗಡಿಯಲ್ಲಿ ಮಕ್ಕಳ ಬಟ್ಟೆ, ತೆಳು ಟಾಪು, ರೇಷ್ಮೆ. ಜೀನ್ಸ್, ಕೋಟು ಪೀಸಿನ ಅಂಗಡಿಯಲ್ಲಿ. ಇದನ್ನು ಉಲ್ಟಾ ಮಾಡುವವರನ್ನು ವಾರವಾರವೂ ನೋಡುತ್ತೇನೆ. ಬಣ್ಣದ ಟ್ಯಾಗ್ ಹಾಕಿ ಸರದಿಯಂತೆ ರಿಯಾಯಿತಿ ಕೊಡುವ ಕಡೆ, ಮುಂದಿನ ವಾರ ಯಾವ ಬಣ್ಣ ಅಂತ ಗೊತ್ತಿದ್ದರೆ ಕೋಟು ಒಂದು ವಾರ ಕಾಯಬಹುದು. ಮಕ್ಕಳ ಬಟ್ಟೆ ಕಾಯಲ್ಲ, ಸಿಕ್ಕಿದ ದಿನವೇ ಎತ್ತಬೇಕು. ಹೊಸ ಮಾಲು ರ್‍ಯಾಕಿಗೆ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನು ನಾನು ಹೇಗೆ ಕಂಡುಕೊಂಡೆ ಅಂತ ಕೇಳಬೇಡಿ. ಕೆಲಸದವರ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಿ, ಅಷ್ಟು ಹೇಳಬಲ್ಲೆ.

ಈಗ ನಾದಿನಿಯೂ ಚೀಟಿ ಬರೆದುಕೊಂಡು ಬರುತ್ತಾರೆ. ಅವರ ಯಜಮಾನರದ್ದು ಉದ್ದ ತೋಳು, ಸಣ್ಣ ಎದೆ. ಅಂಥ ಶರ್ಟು ಹೊಸ ಅಂಗಡಿಯಲ್ಲೂ ಸಿಗುವುದು ಕಷ್ಟ. ಸುಮಾರು ಐದು ತಿಂಗಳಿಂದ ಇಬ್ಬರೂ ಹುಡುಕುತ್ತಿದ್ದೇವೆ, ಸಿಕ್ಕಿರುವುದು ಎರಡೇ.